ಕುರ್ಚಿ ಬದಲಿಸಿದವರು

"ನನ್ನ ಮಗಳನ್ನ ನನ್ನಿಂದ ಕಿತ್ಕೊಳ್ತಾರೆ, ಮೇಡಂ. ಅದಕ್ಕೆ ಕಾರಣ ನಾನೇ ಬರೆದ ನಾಲ್ಕು ಮಾತು," ಎಂದಳು ಬಂದವಳು.

ಔಷಧಿ ಅಂಗಡಿ ನಡೆಸುವವಳು. ಅಂಗಡಿಯ ಬಿಳಿ ಕೋಟನ್ನೂ ಬಿಚ್ಚದೆ ಓಡಿ ಬಂದಿದ್ದಳು. ಚಿಕ್ಕಮ್ಮ ಅವಳಿಗೆ ಕುರ್ಚಿ ತೋರಿಸಿ, ಚಹಾ ಮಾಡೆಂದು ನನಗೆ ಕಣ್ಣಲ್ಲೇ ಹೇಳಿದರು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಿಂದ ನಿವೃತ್ತರಾದ ಮೇಲೆ ನನ್ನ ಚಿಕ್ಕಮ್ಮ ಮನೆಯಲ್ಲೇ ಕೂತು ಜನರ ಗಂಟು ಬಿಡಿಸುತ್ತಿದ್ದರು. ನಾನು ಅವರ ಕಾರು ಓಡಿಸುವವನು, ಚಹಾ ಮಾಡುವವನು, ಆಗಾಗ ಬೈಸಿಕೊಳ್ಳುವವನು.

ಆಕೆ ಆನ್‌ಲೈನ್ ಗುಂಪೊಂದರ ಸದಸ್ಯೆ. ಅಲ್ಲಿ ಬಾಂಧವ್ಯ ಸಿದ್ಧಾಂತದ ಚರ್ಚೆ: ಎಳವೆಯಲ್ಲಿ ತಾಯಿ ಮಗುವನ್ನು ಹೇಗೆ ಹಿಡಿದುಕೊಂಡಳೋ, ದೊಡ್ಡದಾದ ಮೇಲೆ ಆ ಮಗು ಇನ್ನೊಬ್ಬರನ್ನು ಹಾಗೇ ಹಿಡಿದುಕೊಳ್ಳುತ್ತದೆ ಎಂಬ ವಾದ. ಎಲ್ಲರೂ ಅಡ್ಡಹೆಸರಿಟ್ಟುಕೊಂಡು ಸ್ವಂತ ಅನುಭವ ಬರೆಯುತ್ತಾರೆ. ಈಕೆಯ ಹೆಸರು 'ಮೊಲ'. ಅಪರಿಚಿತರ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದರೆ ಇನ್ನೇನಾಗುತ್ತದೆ ಎಂದು ನನಗೆ ಸಿಟ್ಟೇ ಬಂತು.

ಅವಳು ಫೋನಿನಲ್ಲಿ ತನ್ನ ಬರಹ ತೋರಿಸಿದಳು. 'ಚಿಕ್ಕವಳಿದ್ದಾಗ ಅತ್ತರೆ ಅಮ್ಮ ನನ್ನನ್ನು ಉಗ್ರಾಣದ ಕೋಣೆಗೆ ಹಾಕಿ ಬಾಗಿಲು ಹಾಕುತ್ತಿದ್ದಳು. ನಿನ್ನೆ ನನ್ನ ಮಗಳು ಹಟ ಮಾಡಿದಾಗ ನಾನೂ ಅವಳನ್ನು ಕೋಣೆಗೆ ತಳ್ಳಿ ಬಾಗಿಲು ಹಾಕಿದೆ. ಆದರೆ ತಕ್ಷಣ ತೆರೆದು, ಎತ್ತಿಕೊಂಡು, ತಪ್ಪಾಯಿತು ಅಂದೆ.'

"ಗಂಡ ಬೇರೆ ಮನೆಯಲ್ಲಿದ್ದಾರೆ. ಮಗಳು ತಮಗೇ ಬೇಕು ಅಂತ ಕೋರ್ಟಿಗೆ ಹೋಗಿದ್ದಾರೆ. ಇದರ ಪ್ರತಿ ಅವರ ವಕೀಲರ ಕೈಗೆ ಸಿಕ್ಕಿದೆ. ಕೊನೇ ಸಾಲು ಮಾತ್ರ ಇಲ್ಲ."

"ಗುಂಪಿನಲ್ಲಿ ನಿನ್ನ ನಿಜವಾದ ಹೆಸರು ಯಾರಿಗೆ ಗೊತ್ತು?" ಚಿಕ್ಕಮ್ಮ ಕೇಳಿದರು.

"ಯಾರಿಗೂ ಇಲ್ಲ. ಗುಂಪು ನಡೆಸೋ ಮೇಷ್ಟ್ರಿಗೂ ಇಲ್ಲ. ಆದ್ರೂ ನನಗೆ ಅವರ ಮೇಲೇ ಅನುಮಾನ. ಅಲ್ಲಿ ನನಗೆ ನಂಬಿಕೆ ಇರೋದು ಒಬ್ಬರಲ್ಲೇ, ಛತ್ರಿಯಕ್ಕ."

'ನೀಲಿ ಛತ್ರಿ' ಎಂಬ ಹೆಸರಿನಾಕೆ ಅವಳ ಪ್ರತಿಯೊಂದು ಬರಹಕ್ಕೂ ಸಮಾಧಾನ ಹೇಳುತ್ತಿದ್ದಳಂತೆ. ಗುಂಪಿನಲ್ಲೊಂದು ಪದ್ಧತಿಯಿತ್ತು, 'ಕುರ್ಚಿ ಬದಲಾವಣೆ'. ಒಬ್ಬರು ನೋವು ಬರೆದರೆ, ಇನ್ನೊಬ್ಬರು ಆ ನೋವು ಕೊಟ್ಟವರ ಜಾಗದಲ್ಲಿ ಕೂತು, ಕಲ್ಪಿಸಿಕೊಂಡು, ಅವರಾಗಿ ಉತ್ತರ ಬರೆಯಬೇಕು. ಛತ್ರಿ ಬರೆದದ್ದನ್ನು ಚಿಕ್ಕಮ್ಮ ಗಟ್ಟಿಯಾಗಿ ಓದಿದರು.

'ನಾನು ನಿನ್ನ ಅಮ್ಮ. ಚಿಲಕ ಮುರಿದಿತ್ತು, ಕೊಂಡಿಗೆ ಲಟ್ಟಣಿಗೆ ಸಿಕ್ಕಿಸಿದೆ. ನೀನು ಒಳಗೆ ಅಳುತ್ತಿದ್ದೆ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ಕೂತೇ ಇದ್ದೆ. ತೆರೆದರೆ ನಾನೂ ಅತ್ತುಬಿಡುತ್ತಿದ್ದೆ.'

"ಇದನ್ನ ಓದಿ ಅಂಗಡಿಯಲ್ಲೇ ಅತ್ತುಬಿಟ್ಟೆ," ಎಂದಳು. "ನಮ್ಮಮ್ಮ ಒಂದು ಸಲ ಹೀಗೆ ಅಂದಿದ್ರೆ ಸಾಕಿತ್ತು."

"ನಿಜವಾಗಿ ಆ ಬಾಗಿಲಿಗೆ ಏನು ಹಾಕ್ತಿದ್ರು?"

"ಒಳಗಿದ್ದವಳಿಗೆ ಏನು ಗೊತ್ತಾಗುತ್ತೆ ಮೇಡಂ? ಬರೀ ಕತ್ತಲೆ."

ಮಾರನೇ ದಿನ ನಮ್ಮ ಸುತ್ತಾಟ ಶುರುವಾಯಿತು. ಗುಂಪು ನಡೆಸುವ ಮೇಷ್ಟ್ರು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪಾಠ ಹೇಳಿ ನಿವೃತ್ತರಾದವರು. ನಾವು ಕೇಳಿದ್ದು ಒಂದು, ಅವರು ಬಿಗಿದದ್ದು ಭಾಷಣ. ಗಂಡ ಲಿಫ್ಟ್ ರಿಪೇರಿಯವನು. ಆ ಪ್ರತಿಯಿದ್ದ ಲಕೋಟೆ ಅಂಚೆಯಲ್ಲಿ ಬಂತು, ಬರೆದವಳು ನಿಮ್ಮ ಹೆಂಡತಿ ಎಂಬ ಚೀಟಿಯಿತ್ತು, ಕಳಿಸಿದವರ ಹೆಸರಿರಲಿಲ್ಲ ಎಂದ. ಉಗ್ರಾಣದ ಕೋಣೆಯ ಸಂಗತಿ ಅದನ್ನು ಓದುವವರೆಗೆ ಅವನಿಗೆ ಗೊತ್ತೇ ಇರಲಿಲ್ಲ. "ನನ್ನ ಹತ್ರ ಯಾವತ್ತೂ ಹೇಳ್ಲಿಲ್ಲ. ಊರವರ ಹತ್ರ ಹೇಳಿದಾಳೆ," ಎಂದು ಮುಖ ತಿರುಗಿಸಿದ. ಔಷಧಿ ಅಂಗಡಿಯವಳ ಒಡಹುಟ್ಟಿದ ಅಕ್ಕ ಟೈಲರ್. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಬೀಗ ಹಾಕ್ತಿದ್ರೇನೋ. ನಾನು ಆಗ ಹಾಸ್ಟೆಲಲ್ಲಿದ್ದೆ, ಕಣ್ಣಾರೆ ನೋಡಿಲ್ಲ," ಎಂದಳು.

ಕೊನೆಗೆ ಅವರ ಅಮ್ಮನ ಮನೆ. ನೆಲ ಕನ್ನಡಿಯಂತಿತ್ತು. ಆಕೆ ಅಳೆದು ತೂಗಿ ಮಾತಾಡುವ ಹೆಂಗಸು. ಚಿಕ್ಕಮ್ಮ ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಉಗ್ರಾಣದ ಬಾಗಿಲು ನೋಡಿ ಬಂದರು. ಚಿಲಕ ಹೊಸದು. ಅದರ ಪಕ್ಕ ಎರಡು ಹಳೇ ಕಬ್ಬಿಣದ ಕೊಂಡಿಗಳು, ಏನನ್ನೋ ಮತ್ತೆ ಮತ್ತೆ ಸಿಕ್ಕಿಸಿದಂತೆ ಒಳಬದಿ ಸವೆದು ಹೋಗಿದ್ದವು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಫೋನು ಮೇಲಿಂದ ಮೇಲೆ ಟಿಣ್ ಎಂದಿತು. "ಕಂಪನಿ ಮೆಸೇಜು. ನಂಗೆ ಫೋನು ಎತ್ತೋದು, ಇಡೋದು ಬಿಟ್ರೆ ಏನೂ ಬರಲ್ಲ," ಎಂದರು ಆಕೆ.

ಭಾನುವಾರ ಎಲ್ಲರೂ ನಮ್ಮ ಹಜಾರದಲ್ಲಿ ಸೇರಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಮಾತು ತೆಗೆದರು.

"ಗುಂಪಿನಲ್ಲಿ ಮೊಲ ಯಾರು ಅಂತ ಯಾರಿಗೂ ಗೊತ್ತಿಲ್ಲ. ಅಂದಮೇಲೆ ಕಳಿಸಿದವರು ಹೆಸರಿನಿಂದ ಅವಳನ್ನ ಹಿಡೀಲಿಲ್ಲ, ಕತೆಯಿಂದ ಹಿಡಿದ್ರು. ಆ ಉಗ್ರಾಣದ ಕತೆ ಮೊದಲೇ ಗೊತ್ತಿದ್ದವರು ಮಾತ್ರ ಹಾಗೆ ಹಿಡಿಯೋಕೆ ಸಾಧ್ಯ. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗಂಡನಿಗೂ ಇಲ್ಲ. ಉಳಿದವರು ಅಕ್ಕ, ಅಮ್ಮ."

ಅಕ್ಕ ಬಾಯಿ ತೆರೆದಳು. ಚಿಕ್ಕಮ್ಮ ಕೈಯೆತ್ತಿ ತಡೆದರು.

"ಕುರ್ಚಿ ಬದಲಾವಣೆಯಲ್ಲಿ ಬರೆಯೋದು ಕಲ್ಪನೆ. ಆದರೆ ಛತ್ರಿ ಬರೆದದ್ದು ಕಲ್ಪನೆ ಅಲ್ಲ. ಕಲ್ಪಿಸಿಕೊಳ್ಳೋರು ಚಿಲಕ ಅಂತಾರೆ, ಬೀಗ ಅಂತಾರೆ. ಮುರಿದ ಚಿಲಕ, ಲಟ್ಟಣಿಗೆ ಯಾರಿಗೆ ಹೊಳೆಯುತ್ತೆ? ಕೊಂಡಿಗಳು ಸವೆದಿರೋದನ್ನ ನಾನೇ ನೋಡಿದೆ. ಒಳಗಿದ್ದ ಮಗುವಿಗೆ ಅದು ಗೊತ್ತಿಲ್ಲ. ಅಕ್ಕ ಬೀಗ ಅಂದ್ಕೊಂಡಿದ್ದಾಳೆ. ಗೊತ್ತಿದ್ದದ್ದು ಬಾಗಿಲ ಹೊರಗೆ ಕೂತವರಿಗೆ. ಅಲ್ವಾ, ಅಮ್ಮಾವ್ರೇ? ಬೇರೆಯವರ ಕುರ್ಚಿಯಲ್ಲಿ ಕೂರಿ ಅಂದ್ರು. ನೀವು ನಿಮ್ಮ ಕುರ್ಚಿಯಲ್ಲೇ ಕೂತ್ರಿ."

ಔಷಧಿ ಅಂಗಡಿಯವಳು ಅಮ್ಮನ ಕಡೆ ತಿರುಗಿದಳು. ಅವಳ ಮುಖ ನೋಡಲಾಗದೆ ನಾನು ಚಹಾದ ತಟ್ಟೆ ಹಿಡಿದು ನಿಂತೆ.

"ಅವಳ ಫೋನಲ್ಲಿ ಗುಂಪಿನ ಹೆಸರು ನೋಡಿ ಸೇರ್ಕೊಂಡೆ," ಎಂದರು ಅಮ್ಮ, ದನಿ ಏರಿಸದೆ. "ಉಗ್ರಾಣದ ಕತೆ ಓದಿ ಆ ಅಮ್ಮನಿಗೆ ಎಲ್ಲರೂ ಛೀ ಥೂ ಅಂದ್ರು. ನಾನೂ ಅಂದೆ. ಆಮೇಲೆ ಭಯ ಆಯ್ತು. ತಾಯಿ ಮಾಡಿದ್ದನ್ನೇ ಮಗಳೂ ಮಾಡ್ತಾಳೆ ಅಂತ ಮೇಷ್ಟ್ರು ದಿನಾ ಬರೀತಿದ್ರು. ಮೊಮ್ಮಗಳಾದ್ರೂ ತಪ್ಪಿಸ್ಕೊಳ್ಳಲಿ ಅಂತ ಕಳಿಸಿದೆ."

"ಮೊಮ್ಮಗಳ ಮೇಲಿನ ಕಾಳಜಿಯಾಗಿದ್ರೆ ಕೊನೇ ಸಾಲು ಓದಿ ಸಮಾಧಾನ ಆಗಬೇಕಿತ್ತು," ಎಂದರು ಚಿಕ್ಕಮ್ಮ. "ನೀವು ಕತ್ತರಿಸಿದ್ದು ಅದನ್ನೇ."

ಆಕೆ ಸೆರಗಿನ ಅಂಚು ತಿಕ್ಕಿದರು.

"ಬಾಗಿಲು ತೆಗೆದು ಎತ್ಕೊಂಡೆ ಅಂತ ಬರೆದಿದ್ಲು. ನಾನು ತೆಗೀಲಿಲ್ಲ. ಅಷ್ಟು ಸುಲಭ ಇತ್ತಾ ಅದು? ನನಗ್ಯಾಕೆ ಆಗಲಿಲ್ಲ? ಆ ಸಾಲು ನೋಡಿದರೆ ನಂಗೆ ಮೈಯೆಲ್ಲ ಉರೀತಿತ್ತು."

ಸಿದ್ಧಾಂತವೆಲ್ಲ ಬಲ್ಲ ಮೇಷ್ಟ್ರು ಫ್ಯಾನು ನೋಡುತ್ತಿದ್ದರು. ಗಂಡ ಎದ್ದು, "ಪೂರ್ತಿ ಬರಹ ನಾನೇ ವಕೀಲರಿಗೆ ಕೊಡ್ತೀನಿ. ಮಗು ನಿನ್ನ ಹತ್ರನೇ ಇರಲಿ," ಎಂದ. ಅವನನ್ನು ನೀಚ ಎಂದು ಬೈಯಲು ತಯಾರಾಗಿದ್ದ ನನಗೆ ಆ ಸುಖವೂ ಸಿಗಲಿಲ್ಲ.

ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಅಮ್ಮನನ್ನೇ ನೋಡುತ್ತ, "ಹೊರಗೆ ಕೂತೇ ಇದ್ದೆ ಅಂತ ಬರೆದಿದ್ಯಲ್ಲ, ಅದು ನಿಜವಾ?" ಎಂದಳು.

"ನಿಜ ಕಣೇ."

"ಮತ್ತೆ ಇಷ್ಟು ವರ್ಷ ನಂಗೆ ಯಾಕೆ ಹೇಳ್ಲಿಲ್ಲ?"

"ಎದುರಿಗೆ ಬಾಯಿ ಬರಲ್ಲ. ಅಲ್ಲಾದ್ರೆ ನೀನು ನನ್ನನ್ನ ಅಕ್ಕ ಅಂತಿದ್ದೆ. ಪ್ರೀತಿಯಿಂದ ಅಂತಿದ್ದೆ."

ಮಗಳು ಕೋಟಿನ ಜೇಬಿನಿಂದ ಫೋನು ತೆಗೆದಳು. ಹೆಬ್ಬೆರಳು ಪರದೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಒತ್ತಿದಳು, ಫೋನು ಜೇಬಿಗೆ ಹಾಕಿಕೊಂಡಳು, ಚಿಕ್ಕಮ್ಮನಿಗೆ ಕೈಮುಗಿದು ತನ್ನ ಪುಟ್ಟ ಮಗಳನ್ನು ಅವಳ ಶಾಲೆಯ ಗೆಳತಿಯ ಮನೆಯಿಂದ ಕರೆತರಲು ಹೊರಟಳು. ಅವಳು ಮೆಟ್ಟಿಲಿಳಿಯುವಾಗ ಹಜಾರದಲ್ಲಿ ಎರಡು ಫೋನುಗಳು ಟಿಣ್ ಎಂದವು. ಮೇಷ್ಟ್ರು ತಮ್ಮದನ್ನು ತೆಗೆದು ಓದಿದರು: 'ಮೊಲ ಗುಂಪನ್ನು ತೊರೆದಿದ್ದಾರೆ.'

ಅಮ್ಮ ತಮ್ಮ ಚೀಲ ತೆರೆಯಲಿಲ್ಲ. ಅದನ್ನು ಮಡಿಲಲ್ಲಿ ಎರಡೂ ಕೈಯಿಂದ ಗಟ್ಟಿಯಾಗಿ ಮುಚ್ಚಿ ಹಿಡಿದುಕೊಂಡು, ಅಲ್ಲೇ ಕೂತೇ ಇದ್ದರು.