ಮೇಣದ ಗೆರೆ

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ರೆಕ್ಕೆಯ ಬುಡದಲ್ಲಿದ್ದ ನನಗೆ ಅದರ ತುದಿ ಕಾಣುತ್ತಿರಲಿಲ್ಲ.

ಮಂಜು ಕರಗಿದೊಡನೆ ವಿಮಾನ ಏರಬೇಕು. ಅರವತ್ತೆರಡು ಜನ ಕಾಯುತ್ತಿದ್ದರು.

ನಾನು ಏಣಿಯ ಮೇಲೆ. ಕೆಳಗೆ ಮೇಸ್ತ್ರಿ... ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್.

"ಇಳೀರಿ ಸಾಹೇಬ್ರೇ. ಏಣಿ ಹಳೇದು."

"ವಿಮಾನಕ್ಕಿಂತ್ಲೂನಾ?"

ಏಣಿ ಅಲುಗಿತು.

ಹಳೇ ವಿಮಾನಗಳ ತುಕ್ಕು ಹುಡುಕುವುದೇ ನನ್ನ ಹೊಟ್ಟೆಪಾಡು. ಈ ಸಲ ಕರೆಸಿದ್ದು ಅತ್ತಿಗೆ. ಅಣ್ಣ ಇಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ. ಡ್ಯೂಟಿಯಲ್ಲೇ ಎದೆ ಹಿಡಿದುಕೊಂಡು ಕುಸಿದು ನಲವತ್ತು ದಿನ. ಅವನ ಹದಿನೇಳನೇ ನಂಬರಿನ ಮುದ್ರೆ ಎಲ್ಲಿ ಎಂದು ಕಚೇರಿಯವರು ಅತ್ತಿಗೆಯನ್ನು ಪೀಡಿಸುತ್ತಿದ್ದರು.

ಅದರ ಗುರುತು ನಿನ್ನೆಯ ತಪಾಸಣೆ ಹಾಳೆಯ ಮೇಲಿತ್ತು. 'ರೆಕ್ಕೆ ಸರಿಯಿದೆ.'

ಸತ್ತವನು ನಿನ್ನೆ ಡ್ಯೂಟಿಗೆ ಬಂದಿದ್ದ.

ರೆಕ್ಕೆಯ ಬುಡಕ್ಕೆ ಹೊಸ ಬಣ್ಣ. ಒಂದು ಕಡೆ ಮಾತ್ರ ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು. ಉಗುರು ಹಾಕಿ ಎಬ್ಬಿಸಿದೆ. ಒಳಗೆ ನೀಲಿ ಗೆರೆ... ಪಕ್ಕದಲ್ಲಿ ತಾರೀಕು.

ಅಣ್ಣನ ಕೈಬರಹ. ಅವನು ಸತ್ತ ದಿನದ ತಾರೀಕು.

ಬಿರುಕು ಕಂಡರೆ ಅದರ ತುದಿಗೆ ಅಣ್ಣ ಮೇಣದ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ. ವರದಿ ಬರೆಯುವಷ್ಟು ಉಸಿರನ್ನು ದೇವರು ಕೊಡಲಿಲ್ಲ. ಆದರೆ ಮೇಣದ ಮೇಲೆ ಬಣ್ಣ ನಿಲ್ಲುವುದಿಲ್ಲ.

ಇನ್ನಷ್ಟು ಕೆರೆದೆ. ರಿವೆಟ್ಟುಗಳ ಸುತ್ತ ಹಿಟ್ಟಿನಂಥ ಬಿಳಿ ತುಕ್ಕು. ಹಾರಿದಾಗಲೆಲ್ಲ ರೆಕ್ಕೆ ಬಾಗುತ್ತದೆ, ಲೋಹ ದಣಿಯುತ್ತದೆ. ಬಿರುಕು ಅಣ್ಣನ ಗೆರೆ ದಾಟಿ ಎರಡು ಬೆರಳು ಬೆಳೆದಿತ್ತು.

ಏಣಿ ಜಾರಿತು. ಚಕ್ರದ ಕಂಬಕ್ಕೆ ಜೋತುಬಿದ್ದೆ. ಸ್ಪ್ಯಾನರ್ ಮೇಲೆದ್ದಿತು.

"ಹೊಡಿ. ಅದಕ್ಕೆ ಮೊದ್ಲು ಮೇಲೆ ನೋಡು. ಯಾರ ಅಕ್ಷರ?"

ನೋಡಿದ. ಮುಖ ಸುಣ್ಣವಾಯಿತು.

"ನಿನ್ನೆ ಮುಚ್ಚಿದ್ದೆನಲ್ಲ..."

"ಎದ್ದು ಬಂದಿದಾನೆ."

ಸ್ಪ್ಯಾನರ್ ಇಳಿಯಿತು.

"ಇನ್ನೊಂದ್ ವಾರ ಹಾರ್ಲಿ ಅಂದ್ರು ಮೇಲಿನವ್ರು. ನಿಮ್ಮಣ್ಣನ ಮುದ್ರೆ ಕಂಡ್ರೆ ಯಾರೂ ಮರುಮಾತಾಡಲ್ಲ."

"ವಿಮಾನ ಬಿದ್ರೆ ಅರವತ್ತೆರಡು ಹೆಣಕ್ಕೂ ಅವನೇ ಹೊಣೆ."

"ನಂಗೆ ಕೆಲ್ಸ ಕಲಿಸಿದ್ದೇ ಅವ್ರು ಸಾಹೇಬ್ರೇ."

"ಬಣ್ಣ ಬಳಿಯೋ ಮುಂಚೆ ಒರೆಸೋದನ್ನ ಕಲಿಸ್ಲಿಲ್ವಾ?"

ಮಂಜು ತೆಳುವಾಗುತ್ತಿತ್ತು. ಮೇಸ್ತ್ರಿ ತಾನೇ ಫೋನ್ ಎತ್ತಿದ. "ವಿಮಾನ ಹೋಗಲ್ಲ. ರೆಕ್ಕೆ ಸೀಳಿದೆ," ಎಂದ.

ಆಮೇಲೆ ಒಳಜೇಬಿನಿಂದ ಮುದ್ರೆ ತೆಗೆದ. ಅಂಗಿಯ ತುದಿಯಲ್ಲಿ ಒರೆಸಿ, ಎರಡೂ ಕೈಗಳಲ್ಲಿ ನನ್ನ ಮುಂದೆ ಹಿಡಿದ.

ತೆಗೆದುಕೊಂಡೆ.

ನಲವತ್ತು ದಿನ ತಡವಾಗಿ, ಅಣ್ಣನ ಡ್ಯೂಟಿ ಮುಗಿಯಿತು.