ಆರು ವಾರದ ಹಸಿರು

"ಸತ್ತಿದೆ ಅಂತ ಹೇಳೋರು ಯಾರು?"

ಜೋರಾಗಿಯೇ ಕೇಳಿದ. ಕೇಳಿಸಿಕೊಳ್ಳಲು ಬೆಳಗಿನ ಆರು ಗಂಟೆಗೆ ಆ ಬೋನ್ಸಾಯ್ ತೋಟದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎದುರಿಗೆ ಕಲ್ಲಿನ ಪೀಠದ ಮೇಲೆ ದೊಡ್ಡಮರ ಮಾತ್ರ ಇತ್ತು. ಹೆಸರಿಗೆ ದೊಡ್ಡದು, ಎತ್ತರ ಎರಡು ಮೊಳವೂ ಇಲ್ಲ. ಎಂಬತ್ತು ವರ್ಷದ ಜೂನಿಪರ್, ಅಗಲವಾದ ಮಣ್ಣಿನ ಕುಂಡದಲ್ಲಿ ಬೆಟ್ಟದ ಗಾಳಿಗೆ ಬಾಗಿ ನಿಂತಂತೆ ನಿಂತಿತ್ತು. ಅದರ ಬೆನ್ನಿನ ಕಡೆಯ ಕೊಂಬೆಯೊಂದನ್ನು ಅವನು ಆಗಷ್ಟೇ ಉಗುರಿನಿಂದ ಗೀರಿ ನೋಡಿದ್ದ. ತೊಗಟೆಯ ಕೆಳಗೆ ಹಸಿ ಹಸಿರು ಕಾಣಬೇಕಿತ್ತು. ಕಂಡದ್ದು ಸೋಸಿ ಬಿಸಾಡಿದ ಚಹಾಪುಡಿಯ ಬಣ್ಣ.

ಇನ್ನೆರಡು ಕಡೆ ಗೀರಿದ. ಅಲ್ಲೂ ಅದೇ ಕಂದು. ಎಲೆಗಳು ಮಾತ್ರ ನಿನ್ನೆ ಮೊನ್ನೆಯ ಹಾಗೆಯೇ ಹಸಿರಾಗಿ, ಏನೂ ನಡೆದೇ ಇಲ್ಲವೆಂಬಂತೆ ಬೆಳಗಿನ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು.

ಕೊಂದದ್ದು ತಾನೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೆ ತಪ್ಪು ತನ್ನದಲ್ಲ ಎಂಬುದರಲ್ಲೂ ಇರಲಿಲ್ಲ. ಹದಿನಾಲ್ಕು ವರ್ಷ ಸೋದರಮಾವನ ಈ ತೋಟದಲ್ಲಿ ಮಣ್ಣು ಜರಡಿ ಹಿಡಿದಿದ್ದ, ಕುಂಡ ಉಜ್ಜಿದ್ದ, ತಂತಿ ಸುತ್ತಿದ್ದ. ಇನ್ನೂರ ಹನ್ನೊಂದು ಮರಗಳಲ್ಲಿ ಇನ್ನೂರ ಹತ್ತಕ್ಕೆ ಕತ್ತರಿ ಆಡಿಸಿದ್ದ. ದೊಡ್ಡಮರದ ಹತ್ತಿರ ಹೋದಾಗಲೆಲ್ಲ ಮಾವ ಅದೇ ಮಾತು ಆಡುತ್ತಿದ್ದರು: "ಕೈ ಇನ್ನೂ ಪಳಗಿಲ್ಲ, ಅಳಿಯಪ್ಪ." ನಲವತ್ತು ದಾಟಿದ ಗಂಡಸಿಗೆ, ಬಂದ ಗಿರಾಕಿಗಳ ಎದುರಿಗೇ! ಮಾವನಿಗೆ ಮಕ್ಕಳಿಲ್ಲ; ತೋಟ ಅವನಿಗೇ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೂ ತೋಟದ ಗುರುತಾದ ಆ ಹಳೆಯ ಉಕ್ಕಿನ ಕತ್ತರಿಯನ್ನು, ಮಾವನಿಗೆ ಅವರ ಗುರುಗಳು ಕೊಟ್ಟದ್ದನ್ನು, ಮಾವ ಸೊಂಟದಿಂದ ಬಿಚ್ಚಿರಲಿಲ್ಲ.

ಮಾವನ ರೀತಿಯೇ ಹಾಗೆ. ಎಲ್ಲವೂ ನಿಧಾನ, ಎಲ್ಲವೂ ಶಾಸ್ತ್ರ. ಬೆಳಿಗ್ಗೆ ಪದ್ಯ ಗುನುಗುತ್ತ ಸಾಲು ಸಾಲಾಗಿ ನಡೆಯುವುದು, ಪ್ರತಿ ಮರದ ಮುಂದೆ ನಿಂತು, ಮಗುವಿನ ಗಲ್ಲ ಹಿಡಿದೆತ್ತಿದಂತೆ ಕುಂಡದ ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿ ಇಳಿಸುವುದು, ಒಣಗಿದ ಎಲೆ ಬಿದ್ದಿದ್ದರೆ ಹೆಕ್ಕಿ ಜೇಬಿಗೆ ಹಾಕಿಕೊಳ್ಳುವುದು, ಆಮೇಲೆ ನೀರು. ಕೆಲವಕ್ಕೆ ಉಂಟು, ಕೆಲವಕ್ಕೆ ಇಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಅಳಿಯ ಅದಕ್ಕೆ 'ಮಾವನ ಪೂಜೆ' ಎಂದು ಹೆಸರಿಟ್ಟಿದ್ದ. ಮಾವ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ ದಿನವೇ ಪೂಜೆ ನಿಲ್ಲಿಸಿ ಪೈಪು ಹಿಡಿದ. ಎಲ್ಲ ಕುಂಡಕ್ಕೂ ಅಷ್ಟಷ್ಟೇ ನೀರು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ಮಾರನೆಯ ದಿನ ದೊಡ್ಡಮರವನ್ನು ಕುಂಡದಿಂದ ಕಿತ್ತು ಬೇರು ಸವರಿದ. ಮಾವ ವಾಪಸಾಗುವಾಗ ಮರ ಹೊಸ ಮಣ್ಣಲ್ಲಿ ಚಿಗುರಿ ನಿಂತಿರಬೇಕು, ಕೈ ಪಳಗಿದೆಯೋ ಇಲ್ಲವೋ ಆಗ ಅವರೇ ಹೇಳಲಿ, ಅಷ್ಟೇ ಅವನ ಆಸೆ. ಸುಡುಬಿಸಿಲಿನ ತಿಂಗಳು; ಬೇರು ಮುಟ್ಟುವ ಕಾಲವಲ್ಲ. ಅದು ಅವನಿಗೂ ಗೊತ್ತಿತ್ತು. ಆದರೂ ಕತ್ತರಿ ಒಮ್ಮೆ ಶುರುವಾದ ಮೇಲೆ ಹದಿನಾಲ್ಕು ವರ್ಷದ ಸಿಟ್ಟು ಅದರ ಹಿಡಿಗೆ ಬಂದು ಕೂತಿತು. ಅರ್ಧ ಸವರಬೇಕಾದಲ್ಲಿ ಮುಕ್ಕಾಲು ಹೋಯಿತು.

ಅದಾಗಿ ಇವತ್ತಿಗೆ ಹತ್ತು ದಿನ. ಅವನು ಪೀಠದ ಪಕ್ಕ ಕುಕ್ಕರುಗಾಲಲ್ಲಿ ಕೂತು ತಣ್ಣಗೆ ಯೋಚಿಸಿದ. ಮಾವನೇ ಹಿಂದೊಮ್ಮೆ ಹೇಳಿದ್ದರು: "ಈ ಜಾತಿ ಇದೆಯಲ್ಲ, ಸತ್ತಿದ್ದನ್ನ ತಾನೇ ಒಪ್ಕೊಳ್ಳಲ್ಲ. ಬೇರು ಹೋದ್ಮೇಲೂ ಆರು ವಾರ ಹಸಿರಾಗೇ ನಿಂತಿರುತ್ತೆ." ಆರು ವಾರದಲ್ಲಿ ಹತ್ತು ದಿನ ಹೋಯಿತು. ಇನ್ನೊಂದು ತಿಂಗಳು ಈ ಹೆಣ ಬದುಕಿದಂತೆ ನಟಿಸುತ್ತದೆ. ಮಾವನ ಎರಡೂ ಕಣ್ಣಿಗೆ ಪಟ್ಟಿ. ಬಿಚ್ಚಲು ಹತ್ತು ದಿನ ಬಾಕಿ. ಅಷ್ಟರೊಳಗೆ ಮರ ಇನ್ನೊಬ್ಬರ ಮನೆ ಸೇರಿದರೆ, ಅದು ಸಾಯುವುದು ಅವರ ಕೈಯಲ್ಲಿ.

ಮರ ಮಾರಲು ಮಾವನನ್ನು ಒಪ್ಪಿಸುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಫೋನಿನಲ್ಲಿ ಮೆತ್ತಗೆ, ಕಣ್ಣಿನ ಮಾತಿನಿಂದಲೇ ಶುರುಮಾಡಿದ. ದೃಷ್ಟಿ ಪೂರ್ತಿ ಬರುತ್ತದೋ ಇಲ್ಲವೋ ಎಂದು ಡಾಕ್ಟರೇ ಹೇಳುತ್ತಿಲ್ಲ, ಅಂಥ ಮರಕ್ಕೆ ದಿನವೂ ಕಣ್ಣಲ್ಲಿ ಕಣ್ಣಿಟ್ಟು ನೋಡುವವರು ಬೇಕಲ್ಲವೇ ಎಂದ.

"ಖುದ್ದು ಬಂದು, ಕೂತು ನೋಡಿ, ಆರಿಸಿಕೊಳ್ಳೋರಿಗೆ ಮಾತ್ರ ಕೊಡು," ಎಂದರು ಮಾವ ಕೊನೆಗೆ. "ಅದೊಂದು ಒಳ್ಳೇ ಮನೆ ಸೇರಿದ ದಿನ ಕತ್ತರಿ ನಿನ್ನ ಕೈಗೆ. ಆಮೇಲೆ ನಾನು ಬರೀ ಪದ್ಯ ಹೇಳ್ಕೊಂಡು ಕೂತಿರ್ತೀನಿ."

ಒಂದೇ ಏಟಿಗೆ ಎರಡೂ. ಅವನು ಕೆಲಸಕ್ಕಿಳಿದ.

ಸಡಿಲವಾಗಿದ್ದ ಬುಡವನ್ನು ಕುಂಡದ ತಳದ ತೂತುಗಳಿಂದ ತಂತಿ ತಂದು ಬಿಗಿದ. ಇನ್ನು ಅಲುಗಿಸಿದರೂ ಅಲುಗದು. ಹೊಸ ಮಣ್ಣು ಕಾಣದಂತೆ ಹಳೆಯ ಪಾಚಿಯನ್ನು ಕಂಬಳಿಯ ಹಾಗೆ ಹೊದಿಸಿದ. ಉಗುರಿನ ಗೀರುಗಳಿಗೆ ತೊಗಟೆ ಬಣ್ಣದ ಜೇಡಿ ಮೆತ್ತಿದ. ಎಲೆಗಳು ಪೆಡಸಾಗದಂತೆ ದಿನಕ್ಕೆರಡು ಸಲ ಗ್ಲಿಸರಿನ್ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿದ. ಕೊನೆಗೆ ಒಂದು ಹಾಳೆಯಲ್ಲಿ ಆರೈಕೆಯ ಹನ್ನೊಂದು ನಿಯಮ ಬರೆದ. ಎಷ್ಟು ಗಂಟೆಯ ಬಿಸಿಲು, ಯಾವ ದಿಕ್ಕಿನ ಗಾಳಿ, ಎಂಥ ನೀರು. ಸನ್ಯಾಸಿಗೂ ಪಾಲಿಸಲಾಗದ ನಿಯಮಗಳು. ಕೆಳಗೆ ಕೊಳ್ಳುವವರ ಸಹಿಗೆ ಜಾಗ ಬಿಟ್ಟ. ಮರ ಒಣಗಿತೆಂದು ಅವರು ಅಳುತ್ತ ಬಂದರೆ ಈ ಹಾಳೆ ಮುಂದಿಟ್ಟು, ಇದರಲ್ಲಿ ಯಾವುದನ್ನು ತಪ್ಪಿದಿರಿ ಎಂದು ಕೇಳಿದರೆ ಸಾಕು. ಯಾವುದನ್ನಾದರೂ ತಪ್ಪಿಯೇ ಇರುತ್ತಾರೆ.

ಶನಿವಾರ ಬಂದವಳು ಚಿತ್ರಗಳಿಗೆ ಚೌಕಟ್ಟು ಕಟ್ಟುವಾಕೆ. ಅರವತ್ತರ ಆಸುಪಾಸು, ಬೆರಳ ತುದಿಯಲ್ಲೆಲ್ಲ ಗಾಜು ಕೊಯ್ದ ಹಳೆಯ ಗೆರೆಗಳು. ಮನೆಯಲ್ಲಿ ಮೂರು ಎಳೆ ಬೋನ್ಸಾಯ್ ಇವೆಯಂತೆ.

"ಅವು ಮರ ಆಗೋದನ್ನ ನೋಡೋಕೆ ನಾನು ಇರ್ಬೇಕಲ್ಲಪ್ಪ," ಎಂದು ನಕ್ಕಳು. "ನನಗಿಂತ ಹಿರೀದು ಒಂದು ಬೇಕು. ನಾನು ಹೋದ್ಮೇಲೂ ಇರೋ ಅಂಥದ್ದು. ಮೊಮ್ಮಗಳಿಗೆ ಬಿಟ್ಟು ಹೋಗ್ತೀನಿ."

ಅವನು ತಕ್ಷಣ ದೊಡ್ಡಮರ ತೋರಿಸಲಿಲ್ಲ. ಅದು ಅವನ ಜಾಣತನ. ಸಾಲುಸಾಲಾಗಿ ಸುತ್ತಾಡಿಸಿದ. ಆಕೆ ಪ್ರತಿ ಮರದ ಮುಂದೆ ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಚೌಕ ಮಾಡಿ, ಅದರೊಳಗಿಂದ ಒಂದು ಕಣ್ಣಲ್ಲಿ ನೋಡಿದಳು. ಅತ್ತಿಯ ಜಾತಿಯದೊಂದಕ್ಕೆ ಬೇಡವೆಂದು ತಲೆಯಾಡಿಸಿದಳು: "ನನ್ನ ನಾದಿನಿ ಥರ. ಮೈತುಂಬ ಒಡವೆ, ಮುಖದಲ್ಲಿ ಕಳೆ ಇಲ್ಲ." ಇನ್ನೊಂದು ಎಲ್ಮ್ ಮರದ ಹಿಂಬದಿಗೆ ಹೋಗಿ ದೊಡ್ಡ ಕೊಂಬೆ ಕಡಿದ ಗಾಯವನ್ನು ಕಂಡುಹಿಡಿದು, "ಮುಂದಿಂದ ಮದುವಣಗಿತ್ತಿ, ಹಿಂದಿಂದ ಹರಕು ಸೀರೆ," ಎಂದಳು. ಅವನು ನಕ್ಕ. ಈಕೆ ಹಿಂದೆಯೂ ನೋಡುವವಳು.

ದೊಡ್ಡಮರದ ಮುಂದೆ ಬಂದಾಗ ಆಕೆಯ ಬೆರಳುಗಳ ಚೌಕ ತಾನಾಗಿ ಬಿಚ್ಚಿಕೊಂಡಿತು. ಸ್ಟೂಲು ಎಳೆದುಕೊಂಡು ಕೂತಳು. ಅರ್ಧ ಗಂಟೆ ಎದ್ದೇಳಲಿಲ್ಲ. ಆಮೇಲೆ ಬುಡ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿದಳು. ತಂತಿ ತನ್ನ ಕೆಲಸ ಮಾಡಿತು. ಅಂಗೈಯ ಹಿಂಬದಿಯಿಂದ ಎಲೆ ಸವರಿದಳು. ಮೃದುವಾಗಿದ್ದವು. ಹಿಂಬದಿಗೆ ಹೋದಳು, ಬಗ್ಗಿದಳು, ಉಗುರು ಜೇಡಿ ಮೆತ್ತಿದ ಕೊಂಬೆಯತ್ತ ಚಾಚಿತು.

"ಗೀರಬೇಡಿ ಅಮ್ಮಾ," ಎಂದ ಅವನು. ದನಿ ಎಷ್ಟು ಬೇಕೋ ಅಷ್ಟೇ ಗಟ್ಟಿ. "ಹಿರಿಜೀವ. ಗಾಯ ಮಾಯೋಕೆ ವರ್ಷ ಹಿಡಿಯುತ್ತೆ."

ಆಕೆ ಬೆಂಕಿ ಮುಟ್ಟಿದಂತೆ ಕೈ ಹಿಂದೆಳೆದುಕೊಂಡಳು. "ಅಯ್ಯೋ, ತಪ್ಪಾಯ್ತು ಕಣಪ್ಪ." ಮುಖ ಸಣ್ಣದಾಗಿತ್ತು. ಅದನ್ನು ನೋಡದವನಂತೆ ಅವನು ಹಾಳೆ ಮುಂದೆ ಹಿಡಿದ. ಆಕೆ ಹನ್ನೊಂದು ನಿಯಮಗಳನ್ನೂ ತುಟಿಯಾಡಿಸುತ್ತ, ಪಾಠ ಒಪ್ಪಿಸುವವಳಂತೆ ಓದಿ ಸಹಿ ಹಾಕಿದಳು. ಬೆಲೆಯ ಮಾತು ಎರಡೇ ನಿಮಿಷ.

"ಮಂಗಳವಾರ ಕಾರು ತರ್ತೀನಿ. ಅಲ್ಲಿವರೆಗೆ ನೀರು?"

ಆ ಬೆಳಿಗ್ಗೆಯಷ್ಟೇ ಕುಂಡಕ್ಕೆ ಗಂಟಲಮಟ್ಟ ನೀರು ಕುಡಿಸಿದ್ದ. ಇನ್ನು ಹಾಕಿದರೆ ಕಡಿದ ಬೇರು ಕೊಳೆತು ವಾಸನೆ ಹೊಡೆದೀತು. "ಸಾಗಿಸೋ ಮುಂಚೆ ಹಾಕಬಾರದು. ಮಣ್ಣು ಸಡಿಲ ಆಗುತ್ತೆ. ಇವತ್ತು ಹಾಕಿದ್ದೇ ಕೊನೆ," ಎಂದ. ಆಕೆ ಅದನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು.

ಹೋಗುವಾಗ ಬಾಗಿಲ ಹತ್ತಿರ ನಿಂತು ತಿರುಗಿದಳು. "ಒಂದು ಕೇಳ್ತೀನಿ. ಇದನ್ನ ಬೆಳೆಸಿದ ಹಿರಿಯರ ಕೈಯಿಂದಲೇ ತಗೋಬೇಕು ಅಂತ ಆಸೆ. ಅವರು ಆಸ್ಪತ್ರೇಲಿದಾರೆ ಅಂದ್ರಲ್ಲ, ಅಲ್ಲಿಗೇ ಒಯ್ಯೋಣ. ಐದು ನಿಮಿಷ."

ಬೇಡವೆಂದರೆ ಅನುಮಾನ, ಹೂಂ ಎಂದರೆ ಅಪಾಯ. ಅಪಾಯವೆಂಥದ್ದು ಎಂದು ಲೆಕ್ಕ ಹಾಕಿದ. ಕಣ್ಣಿಗೆ ಪಟ್ಟಿ. ಎಲೆ ಮೃದು. ಬುಡ ಬಿಗಿ. ಉಗುರು ಹಾಕುವ ಜಾಗ ಗೋಡೆಯ ಕಡೆಗೆ ತಿರುಗಿಸಿದರಾಯಿತು. ಅಲ್ಲದೆ ಮಾವನೇ ತಮ್ಮ ಕೈಯಾರೆ ದಾಟಿಸಿದ ಮರದ ಬಗ್ಗೆ ನಾಳೆ ಯಾರು ತುಟಿ ಬಿಚ್ಚುತ್ತಾರೆ? "ಧಾರಾಳವಾಗಿ," ಎಂದ.

ಮಂಗಳವಾರ ಲಿಫ್ಟು ಕೆಟ್ಟಿತ್ತು. ಮರವನ್ನು ಎದೆಗವಚಿಕೊಂಡು ಎರಡು ಮಹಡಿ ಹತ್ತುವಷ್ಟರಲ್ಲಿ ಅವನ ತೋಳು ಬಿದ್ದುಹೋಯಿತು. ಏನು ಭಾರ, ಕಲ್ಲು ತುಂಬಿದ ಹಾಗೆ, ಎಂದು ಮನಸ್ಸಿನಲ್ಲೇ ಬೈದುಕೊಂಡ. ಹಿಂದೆ ಬರುತ್ತಿದ್ದ ಚೌಕಟ್ಟಿನಾಕೆ "ಹುಷಾರು, ಹುಷಾರು," ಎನ್ನುತ್ತಿದ್ದಳು.

ಮಾವ ದಿಂಬಿಗೆ ಒರಗಿ ಕೂತಿದ್ದರು. ಕಣ್ಣಿನ ಮೇಲೆ ಬಿಳಿ ಪಟ್ಟಿ, ತೊಡೆಯ ಮೇಲೆ ಕತ್ತರಿ. ಊಟದ ಗಾಲಿಮೇಜನ್ನು ಮಂಚದ ಹತ್ತಿರ ಎಳೆದು ಅವನು ಮರವನ್ನಿಟ್ಟ, ಗೀರಿದ ಬದಿ ಗೋಡೆಗೆ. ಮುದುಕನ ಬೆರಳುಗಳು ಗಾಳಿಯಲ್ಲಿ ತಡಕಾಡಿ ಎಲೆಗಳನ್ನು ಕಂಡವು.

"ಮೆತ್ತಗಿದೆ," ಎಂದರು ಮಾವ. ಬೆರಳು ಬುಡಕ್ಕಿಳಿದು ಪಾಚಿ ಸವರಿತು. "ಚೆನ್ನಾಗಿ ಹೊದಿಸಿದೀಯ. ನಾನು ಮಾಡಿದ ಹಾಗೇ ಇದೆ." ಆಮೇಲೆ ಕಾಣದ ಮುಖದತ್ತ ತಿರುಗಿ, "ಬೋನ್ಸಾಯ್ ಸೊಸೈಟಿ ಸೀಲಿಲ್ಲ, ಸರ್ಟಿಫಿಕೇಟಿಲ್ಲ. ನನ್ನ ಮಾತೇ ಜಾಮೀನು ಅಮ್ಮಾ. ಇದು ನಿಮ್ಮನ್ನ ದಾಟಿ ಬದುಕುತ್ತೆ," ಎಂದರು.

"ಅದಕ್ಕೇ ಬಂದಿದ್ದು, ಅಣ್ಣಾ," ಎಂದಳು ಆಕೆ.

ಹದಿನಾಲ್ಕು ವರ್ಷ ಕಾದವನಿಗೆ ಇನ್ನು ಹದಿನಾಲ್ಕು ಗಳಿಗೆ ಕಾಯಲಾಗಲಿಲ್ಲ. "ಮಾವ, ಕತ್ತರಿ ಕೊಟ್ಟುಬಿಡಿ. ಇವರ ಎದುರಿಗೇ ಆಗಿಹೋಗಲಿ."

"ತಾಳಪ್ಪ. ಮೊದಲು ಮನೆಮಗಳನ್ನ ಕಳಿಸಿಕೊಡೋಣ." ಮಾವ ಪದ್ಯ ಗುನುಗತೊಡಗಿದರು. ಕೈ ಅಭ್ಯಾಸದಂತೆ ಮರದಿಂದ ಕೆಳಗಿಳಿದು ಕುಂಡದ ಮೂಲೆಗೆ ಹೋಯಿತು. ಎರಡು ಬೆರಳು ಅದನ್ನು ಮಗುವಿನ ಗಲ್ಲದಂತೆ ಎತ್ತಿ ಇಳಿಸಿದವು. ಪದ್ಯ ಸಾಲಿನ ನಡುವೆ ನಿಂತಿತು. ಇನ್ನೊಮ್ಮೆ ಎತ್ತಿದರು, ಇಳಿಸಿದರು.

"ನೀರು ಯಾವಾಗ ಹಾಕಿದ್ದು?"

'ಇವತ್ತು ಬೆಳಿಗ್ಗೆ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಏಕೆ ಬಂತೆಂದು ಅವನಿಗೇ ಗೊತ್ತಿರಲಿಲ್ಲ. ಆದರೆ ಚೌಕಟ್ಟಿನಾಕೆ ಅವನಿಗಿಂತ ಮೊದಲು, ಕಲಿತ ಪಾಠ ಒಪ್ಪಿಸುವ ಉತ್ಸಾಹದಲ್ಲಿ, "ಶನಿವಾರ ಅಣ್ಣಾ! ಆಮೇಲೆ ಒಂದು ಹನಿ ಹಾಕಿಲ್ಲ. ಸಾಗಿಸೋ ಮುಂಚೆ ಹಾಕಬಾರದು ಅಂತ ಇವರೇ ಬರೆಸಿದಾರೆ, ನೋಡಿ," ಎಂದು ಹಾಳೆ ಬಿಡಿಸಿದಳು.

"ಮೂರು ದಿನ," ಎಂದರು ಮಾವ, ಬಹಳ ಮೆಲ್ಲಗೆ. "ಈ ಬಿಸಿಲಲ್ಲಿ ಮೂರು ದಿನ ನೀರಿಲ್ಲದ ಕುಂಡ ಹೂವಿನ ಹಾಗೆ ಹಗುರಾಗಿ ಏಳ್ಬೇಕು. ಇದರಲ್ಲಿ ಶನಿವಾರದ ನೀರು ಹಾಗೇ ಕೂತಿದೆ. ಕುಡಿಯೋರು ಒಳಗಿಲ್ಲ, ಅಮ್ಮಾ. ನೀವು ಇದನ್ನ ಒಯ್ಯಬೇಡಿ." ಪೂಜೆ ಎಂದು ಅವನು ನಗುತ್ತಿದ್ದ ಆ ಬೆರಳುಗಳು ಹದಿನಾಲ್ಕು ವರ್ಷವೂ, ದಿನಕ್ಕೆ ಇನ್ನೂರ ಹನ್ನೊಂದು ಸಲ, ಅವನ ಕಣ್ಣೆದುರಿಗೇ ತೂಕ ನೋಡುತ್ತಿದ್ದವು, ಯಾವ ಮರ ಎಷ್ಟು ಕುಡಿಯಿತು ಎಂದು ಕೇಳುತ್ತಿದ್ದವು. ಅವನ ತೋಳುಗಳಿಗೂ ಮೆಟ್ಟಿಲ ಮೇಲೆ ಅದು ಗೊತ್ತಾಗಿತ್ತು, ಅವನಿಗೆ ಗೊತ್ತಾಗಲಿಲ್ಲ. "ಮಾವ, ನನ್ನ ಮಾತು ಕೇಳಿ... ಕತ್ತರಿ..." ಎಂದ, ಕೈ ಇನ್ನೂ ಚಾಚಿಕೊಂಡೇ ಇತ್ತು. ಮುದುಕ ಕತ್ತರಿಯನ್ನು ತೊಡೆಯಿಂದೆತ್ತಿ ದಿಂಬಿನ ಕೆಳಗೆ ತಳ್ಳಿ, ಪಟ್ಟಿ ಕಟ್ಟಿದ ಕಣ್ಣುಗಳನ್ನು ನೇರ ಅವನತ್ತ ತಿರುಗಿಸಿ ಹೇಳಿದರು: "ಕೊಡಲ್ಲ."