ಅವನ ಉಸಿರಿಗೆ ನಾನೇ ಅಡ್ಡಿಯಂತೆ!

"ನಿಲ್ಸಿ! ಅವನನ್ನ ಒಳಗೆ ಕರ್ಕೊಂಡು ಹೋದ್ರೆ ನೋಡಿ!"

ಆಂಬುಲೆನ್ಸಿನಿಂದ ಇಳಿಸಿದ ಸ್ಟ್ರೆಚರಿಗೆ ಎಲ್ವಿನಾ ಅಡ್ಡ ನಿಂತುಬಿಟ್ಟಳು. ಅದರ ಮೇಲೆ ಅವಳ ಕ್ಲೋವಿಸ್. ಸಿಗಡಿ ದೋಣಿಯ ಯಜಮಾನ, ಹನ್ನೊಂದು ವರ್ಷದಿಂದ ಅವಳ ಸಂಗಾತಿ. ಈಗ ಕುತ್ತಿಗೆಗೆ ಪೈಪು, ಪಕ್ಕದಲ್ಲಿ ಉಸಿರಾಟದ ಯಂತ್ರ.

"ಸಾಯೋರನ್ನ ತಂದು ಬಿಡೋ ಆಸ್ಪತ್ರೆ ಇದು. ನಮ್ಮೂರಲ್ಲಿ ಎಲ್ರಿಗೂ ಗೊತ್ತು!"

ಉಸಿರಾಟದ ಚಿಕಿತ್ಸೆ ನೋಡಿಕೊಳ್ಳುವ ಥಿಯೋಲಾ ಸೊಂಟದ ಮೇಲೆ ಕೈಯಿಟ್ಟಳು. "ನಿಮ್ಮೂರವರಿಗೆ ಏನೂ ಗೊತ್ತಿಲ್ಲ ಕಣಮ್ಮಾ. ಐಸಿಯುನಲ್ಲಿ ಜೀವ ಉಳಿಸ್ತಾರೆ. ಇಲ್ಲಿ ವಾರಗಟ್ಟಲೆ ಇಟ್ಕೊಂಡು, ಯಂತ್ರ ಬಿಟ್ಟು ಉಸಿರಾಡೋದನ್ನ ಕಲಿಸ್ತೀವಿ. ದಾರಿ ಬಿಡು!"

ಎಲ್ವಿನಾ ಬಿಟ್ಟಳು. ಆದರೆ ಒಳಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು.

ನ್ಯುಮೋನಿಯಾದಿಂದ ಉಸಿರು ಕಟ್ಟಿದ ದಿನ, ಪೈಪು ಹಾಕಬೇಕೆಂದಾಗ ಕ್ಲೋವಿಸ್ ಬೇಡ ಬೇಡವೆಂದು ತಲೆ ಅಲ್ಲಾಡಿಸಿದ್ದ. ತನಗೆ ಮಾತಾಡಲಾಗದಿದ್ದರೆ ತನ್ನ ಪರವಾಗಿ ನಿರ್ಧರಿಸುವ ಹಕ್ಕನ್ನು ಮೊದಲೇ ಅವಳಿಗೆ ಬರೆದುಕೊಟ್ಟಿದ್ದ. ಅವಳು "ಹಾಕಿ!" ಎಂದು ಕಿರುಚಿದ್ದಳು. 'ಅವನಿಗೆ ಬೇಡವಾದ ಬದುಕನ್ನು ನಾನೇ ಹೇರಿದೆನಾ...?'

ದಿನವೂ ಸ್ವಲ್ಪ ಹೊತ್ತು ಯಂತ್ರ ತೆಗೆದು ನೋಡುತ್ತಿದ್ದರು. ಅವಳಿಲ್ಲದಾಗ ಎರಡು ಗಂಟೆ ಉಸಿರಾಡುವ ಕ್ಲೋವಿಸ್, ಅವಳು ಬಂದ ಹತ್ತೇ ನಿಮಿಷಕ್ಕೆ ಬೆವೆತು, ತುಟಿ ನಡುಗಿಸಿ ಏದುಸಿರು ಬಿಡುತ್ತಿದ್ದ. ಮತ್ತೆ ಯಂತ್ರ!

ಗುರುವಾರ, ಮನೆಯವರನ್ನು ಕೂರಿಸಿಕೊಂಡು ಮಾತಾಡುವ ವಾರದ ಸಭೆಯಲ್ಲಿ ಡಾಕ್ಟರ್ ಪಿಕೂ ಗಂಟಲು ಸರಿಮಾಡಿಕೊಂಡರು. "ಹೀಗೇ ಆದ್ರೆ ಯಂತ್ರದ ಸಮೇತ ಶಾಶ್ವತವಾಗಿ ನರ್ಸಿಂಗ್ ಹೋಮಿಗೆ ಕಳಿಸ್ಬೇಕಾಗುತ್ತೆ. ಸ್ವಲ್ಪ ದಿನ ನೀವು ಬರದೇ ಇದ್ರೆ ಒಳ್ಳೇದೇನೋ..."

ಎಲ್ವಿನಾ ಕುರ್ಚಿಯಿಂದ ಎದ್ದಳು. ಅವನಿಗೆ ನನ್ನ ಮೇಲೆ ಅಷ್ಟು ಕೋಪವಾ! ಅಳು ಉಕ್ಕಿ ಬಂತು. ನುಂಗಿಕೊಂಡಳು.

"ಬರ್ತೀನಿ. ಇವತ್ತೂ, ನಾಳೇನೂ. ಬೇಕಾದ್ರೆ ಪೊಲೀಸ್ನೋರನ್ನ ಕರೀರಿ!"

"ಎಲ್ವಿನಾ..."

"ಅವನ ತುಟಿ ನೋಡಿದ್ದೀರಾ ಡಾಕ್ಟ್ರೇ? ಏನೋ ಹೇಳೋಕೆ ಒದ್ದಾಡ್ತಾನೆ. ಕೈಯಲ್ಲಿ ಪೆನ್ನು ಹಿಡಿಯೋ ಶಕ್ತಿನೂ ಇಲ್ಲ. ನನ್ನ ಬೈಯೋಕೇ ಇರ್ಲಿ, ಅವನಿಗೆ ದನಿ ಕೊಡಿ! ಅವನು ಹೋಗು ಅಂದ್ರೆ ಹೋಗ್ತೀನಿ. ನೀವು ಅಂದ್ರೆ ಹೋಗಲ್ಲ!"

ಥಿಯೋಲಾ ಮೇಜು ತಟ್ಟಿದಳು. "ಹೌದಲ್ವಾ! ಗಂಟಲಿಗೆ ಗಾಳಿನೇ ಬಿಡದ ಪೈಪಿಟ್ಕೊಂಡು ಇವಳ ಹತ್ರ ಮಾತಾಡೋಕೆ ಹೋಗಿ ಸುಸ್ತಾಗ್ತಿದಾನೆ. ಉಸಿರನ್ನ ಗಂಟಲಿಗೆ ತಿರುಗಿಸೋ ಮಾತಿನ ಮುಚ್ಚಳ ಹಾಕಿ ನೋಡೋಣ ಡಾಕ್ಟ್ರೇ."

ಡಾಕ್ಟರು ಒಪ್ಪಿದರು.

ಥಿಯೋಲಾ ಯಂತ್ರ ತೆಗೆದು, ಪೈಪಿನ ಸುತ್ತ ಉಬ್ಬಿದ್ದ ಗಾಳಿಚೀಲ ಇಳಿಸಿ, ಪುಟ್ಟ ಮುಚ್ಚಳವನ್ನು ಕೂರಿಸಿದಳು. ಕ್ಲೋವಿಸ್ ಕೆಮ್ಮಿದ. ಎಲ್ವಿನಾ ಮಂಚದ ಕಂಬಿ ಹಿಡಿದು ಒಂದೇ ಸಮ ಹೇಳತೊಡಗಿದಳು. "ಬಯ್ಯಿ, ಕ್ಲೋವಿಸ್. ಪೈಪು ಹಾಕ್ಸಿದ್ದು ನಾನೇ. ತಪ್ಪಾಗಿದ್ರೆ..."

"ಬಾಯಿ... ಮುಚ್ಚೇ."

ಆರು ವಾರದ ಮೇಲೆ ಕೇಳಿದ ದನಿ! ಒರಟಾಗಿ, ಹರಿದು ಹೋಗಿ... ಆದರೂ ಅವನದೇ!

"ಆವತ್ತು ತಲೆ ಅಲ್ಲಾಡ್ಸಿದ್ದು... ಪೈಪು ಬೇಡ ಅಂತಲ್ಲ." ಉಸಿರು ತೆಗೆದುಕೊಂಡ. "ನರ್ಸು ನಿನ್ನ... ಆಚೆ ಕಳಿಸ್ತಿದ್ಲು. ಕಳಿಸ್ಬೇಡಿ ಅಂದೆ."

ಎಲ್ವಿನಾ ಅವನ ಕೈಗೆ ಹಣೆಯೊತ್ತಿ ಜೋರಾಗಿ ಅತ್ತಳು. ಅತ್ತು ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಕ್ಲೋವಿಸ್ ಯಂತ್ರವಿಲ್ಲದೆ ಉಸಿರಾಡುತ್ತಲೇ ಇದ್ದ.

"ಇನ್ನೊಂದು ಮಾತಿದೆ..." ಎಂದ.

"ಸಾಕು ಸುಮ್ನಿರು."

"ಹನ್ನೊಂದು ವರ್ಷ ಸುಮ್ನಿದ್ದೆ. ಮದುವೆ ಆಗೋಣ್ವಾ?"

"ಈ ಪೈಪಿನ ಸಮೇತಾನಾ?"

"ಸಮೇತ."

"ಆಯ್ತು ಮಾರಾಯಾ, ಆಗೋಣ. ಈಗ ಉಸಿರಾಡು... ನಾನೆಲ್ಲೂ ಹೋಗಲ್ಲ."